ಅರ್ಧ ಜವಳ

೯ ಫೆಬ್ರವರಿ ೨೦೨೫, ಭಾನುವಾರ

ವಿಮೆ ಏಜೆಂಟನೊಬ್ಬ ಬಸ್ಸಿನಲ್ಲಿ ಚಿಲ್ಲರೆ ಇಲ್ಲದ್ದಕ್ಕೆ ಬದಲಾಗಿ ಕೊಟ್ಟ ಡೈರಿ ಇದು. ಟಿಕೆಟ್ ಬ್ಯಾಗಿನ ತಳದಲ್ಲಿ ಬಿದ್ದಿತ್ತು. ಇವತ್ತು ವಾರದ ರಜೆ. ನಾನು ಬೈಯಬೇಕಾದವನು ಮಸ್ಕತ್ತಿನಲ್ಲಿದ್ದಾನೆ, ಫೋನ್ ಎತ್ತುವುದಿಲ್ಲ. ಅಪ್ಪನ ಮೇಲೆ ರೇಗಿದರೆ ಊಟ ಬಿಡುತ್ತಾನೆ. ಮಗಳ ಮೇಲೆ ರೇಗಿದರೆ ನನಗೇ ಅಳು ಬರುತ್ತದೆ. ಅದಕ್ಕೇ ಡೈರಿಗೆ ಬೈಯೋಣ ಅಂತ ಕೂತಿದ್ದೇನೆ.

ಭಾನುವಾರವೆಂದರೆ ಮಗಳು ಕ್ರಾಂತಿಯ ತಲೆ ತೊಳೆಯುವ ದಿನ. ಹುಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲು, ಸೊಂಟ ಮುಟ್ಟಿದೆ. ಸೀಗೆಕಾಯಿ ಹಚ್ಚಿ, ಬಿಸಿಲಲ್ಲಿ ಕೂರಿಸಿ, ಸಿಕ್ಕು ಬಿಡಿಸಿ ಎರಡು ಜಡೆ ಹಾಕುವುದರೊಳಗೆ ಅರ್ಧ ದಿನ. ನನಗೆ ಇಡೀ ವಾರದಲ್ಲಿ ಇಷ್ಟವಾದ ಕೆಲಸ ಇದೊಂದೇ.

ಎಲ್ಲರ ಮನೆಯಲ್ಲಿ ಮಗುವಿನ ಜವಳವನ್ನು, ಅಂದರೆ ಹುಟ್ಟುಗೂದಲನ್ನು, ಸೋದರಮಾವನ ತೊಡೆಯ ಮೇಲೆ ಕೂರಿಸಿ ತೆಗೆಸುತ್ತಾರೆ. ನನ್ನ ಗಂಡ ಗುರುಮೂರ್ತಿಯ ಮನೆತನದಲ್ಲಿ ಮಾತ್ರ ಅಪ್ಪನ ತೊಡೆಯೇ ಆಗಬೇಕು. ಆ ತೊಡೆ ಕ್ರೇನ್ ಓಡಿಸಲು ಸಮುದ್ರ ದಾಟಿದಾಗ ಇವಳು ಅಂಬೆಗಾಲಿಡುತ್ತಿದ್ದಳು. ನಾನು ಕಂಡಕ್ಟರ್ ನೌಕರಿ ಬಿಟ್ಟು ಹಿರೇಹಡಗಲಿಯಲ್ಲಿ ಅವನ ತಾಯಿಯ ಜೊತೆ ಇರಬೇಕಂತೆ. ಇರಲಿಲ್ಲ. ಅಷ್ಟಕ್ಕೇ ಮಗಳಿಗೂ ಏನೂ ಕಳಿಸುವುದಿಲ್ಲ ಅಂದ. ಮೂರನೇ ವರ್ಷಕ್ಕೆ ಜವಳ ತೆಗೆಯಲು ಬರುತ್ತೇನೆಂದು ಬರಲಿಲ್ಲ. ನಾಲ್ಕು ಸರಿಸಂಖ್ಯೆ, ಬೆಸ ವರ್ಷದಲ್ಲಲ್ಲದೆ ತೆಗೆಯುವಂತಿಲ್ಲ. ಈಗ ಐದು ನಡೆಯುತ್ತಿದೆ, ಮೇ ತಿಂಗಳ ಕೊನೆಗೆ ಮುಗಿಯುತ್ತದೆ.

"ಅವ್ವ, ಇವು ಅಪ್ಪನ ಕೂದಲಾ?" ಅಂದಳು.

"ಹೂಂ, ಅಪ್ಪ ಬಂದು ತಗೊಂಡು ಹೋಗ್ತಾನ."

"ಮತ್ತ ನನ್ನವು ಯಾವಾಗ ಬರ್ತಾವ?"

ನಕ್ಕೆ. ಆಮೇಲೆ ಬಿಡಿಸಿದ ಸಿಕ್ಕನ್ನೇ ಮತ್ತೆ ಬಾಚಿದೆ.

೧೧ ಫೆಬ್ರವರಿ, ಮಂಗಳವಾರ

ಕೂಡ್ಲಿಗಿ ಕೋರ್ಟಿನಲ್ಲಿ ಇವತ್ತು ನಮ್ಮ ಕೇಸಿನ ದಿನ. ಮಗಳ ಜೀವನಾಂಶಕ್ಕೆ ತಿಂಗಳು ತಿಂಗಳು ಇಷ್ಟು ಕೊಡಬೇಕೆಂದು ಆದೇಶವಾಗಿ ಎರಡು ವರ್ಷವಾಯಿತು. ನಯಾಪೈಸೆ ಬಂದಿಲ್ಲ. ವಕೀಲರಾದ ಶಿವಲೀಲಾ ಮೇಡಂ ಚಹಾ ಕುಡಿಸಿದರು. ವಕೀಲರು ಚಹಾ ಕುಡಿಸಿದರೆ ಸುದ್ದಿ ಒಳ್ಳೆಯದಲ್ಲ ಅಂತ ಈಗ ನನಗೆ ಗೊತ್ತಾಗಿದೆ.

"ನೋಡ್ರಿ ಶಿವಗಂಗಾ, ಆರ್ಡರ್ ಐತಿ, ವಾರಂಟೂ ಐತಿ. ಆದ್ರ ನಮ್ಮ ಕೋರ್ಟಿನ ವಾರಂಟು ವಿಮಾನ ಹತ್ತಂಗಿಲ್ಲ. ಅಲ್ಲಿಗೆ ಕಾಗದ ಹೋಗಬೇಕಂದ್ರ ದೆಲ್ಲಿ ಮ್ಯಾಲಿಂದ ಹೋಗಬೇಕು. ಕಳಿಸಿ ವರ್ಷಾತು, ಉತ್ತರಿಲ್ಲ."

"ಮತ್ತ ಹೆಂಗ ಮೇಡಂ?"

"ಅವ ಈ ನೆಲದ ಮ್ಯಾಲೆ ಕಾಲಿಟ್ಟ ದಿನ ನನಗ ಹೇಳ್ರಿ. ಅವತ್ತು ವಾರಂಟಿಗೆ ಜೀವ ಬರ್ತೈತಿ."

ಮಧ್ಯಾಹ್ನ ಹಡಗಲಿ ಬಸ್ಸಿಗೆ ಡ್ಯೂಟಿ ಹತ್ತಿದೆ. ಹೆಂಗಸರಿಗೆಲ್ಲ ಸರ್ಕಾರದ ಪುಕ್ಕಟೆ ಟಿಕೆಟ್, ಅದರ ಮೇಲೆ ಸೊನ್ನೆ ಅಂತ ಅಚ್ಚಾಗುತ್ತದೆ. ಹಗರಿಬೊಮ್ಮನಹಳ್ಳಿ ಬರುವವರೆಗೂ ಸೊನ್ನೆ ಸೊನ್ನೆ ಹರಿದು ಕೊಟ್ಟೆ. ಕ್ರಾಂತಿಗೆ ಅವಳ ಅಪ್ಪ ಕೊಟ್ಟದ್ದೂ ಇಂಥದ್ದೇ ಟಿಕೆಟ್. ಅದರಲ್ಲಿ ಅವಳು ಎಲ್ಲಿಯವರೆಗೆ ಹೋಗಬೇಕೋ ಕಾಣೆ.

೨ ಮಾರ್ಚ್, ಭಾನುವಾರ

ಜೋಳದ ರಾಶಿಯ ಧೂಳು. ಕ್ರಾಂತಿಗೆ ಮತ್ತೆ ಉಬ್ಬಸ. ಮೂರು ದಿನ ಕೂತೇ ನಿದ್ದೆ ಮಾಡಿದಳು, ಅವಳ ಬೆನ್ನಿಗೆ ನಾನು ಗೋಡೆಯಾದೆ. ಹೊಸಪೇಟೆಯ ಡಾಕ್ಟರು ಹಬೆ ಕೊಡುವ ಯಂತ್ರ ಮನೆಯಲ್ಲೇ ಇರಲಿ ಅಂದರು. ನಮ್ಮ ಬಸ್ಸಿನ ಡ್ರೈವರ್ ಮರುಳಪ್ಪಣ್ಣ ಕೇಳುವ ಮೊದಲೇ ಜೇಬಿಗೆ ಕೈ ಹಾಕಿದರು. ನಾಚಿಕೆಯಾಯಿತು, ತೆಗೆದುಕೊಂಡೆ. ಆಸ್ಪತ್ರೆಯ ಖರ್ಚಿಗಾಯಿತು, ಯಂತ್ರಕ್ಕೆ ಉಳಿಯಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಫೋನ್ ನೋಡಿದರೆ ಗುರುಮೂರ್ತಿಯ ಹೊಸ ಫೋಟೋ. ಕ್ರೇನಿನ ಮುಂದೆ ಕಪ್ಪು ಕನ್ನಡಕ ಹಾಕಿ ನಿಂತಿದ್ದಾನೆ. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಇವನು ಮಾಡುತ್ತಾನೆ, ಉಣ್ಣುವವರು ನಾವು.

೧೧ ಮಾರ್ಚ್, ಮಂಗಳವಾರ

ಹಡಗಲಿಯಲ್ಲಿ ಅತ್ತೆ ಹಂಪಮ್ಮ ಬಸ್ ಹತ್ತಿದಳು. ಮಡಿಲಲ್ಲಿ ಶೇಂಗಾದುಂಡೆಯ ಗಂಟು. ಸೊನ್ನೆ ಟಿಕೆಟ್ ಕೊಟ್ಟೆ.

"ಮಾತಾಡಂಗಿಲ್ಲೇನ ಗಂಗಾ?"

"ಡ್ಯೂಟಿ ಮ್ಯಾಲದೀನಿ ಅತ್ತಿ. ಮುಂದ ಸರೀರಿ."

ಕೂಡ್ಲಿಗಿಯವರೆಗೂ ಬಂದಳು, ಮನೆಗೂ ಬಂದಳು. ಅಪ್ಪ ಅವಳನ್ನು ನೋಡಿ ಪೇಪರ್ ಮುಖಕ್ಕೆ ಹಿಡಿದುಕೊಂಡ. ತಾಲ್ಲೂಕು ಕಚೇರಿಯಲ್ಲಿ ಜವಾನನಾಗಿದ್ದು ನಿವೃತ್ತನಾದ ಮೇಲೆ ಬುದ್ಧನ ಫೋಟೋ ಬಿಟ್ಟು ಬೇರೆ ದೇವರನ್ನು ನಮ್ಮ ಮನೆಯ ಗೋಡೆಗೆ ಬಿಟ್ಟುಕೊಂಡಿಲ್ಲ. ಮೊಮ್ಮಗಳಿಗೆ ಕ್ರಾಂತಿ ಎಂದು ಹೆಸರಿಟ್ಟವನೂ ಅವನೇ.

"ಐದು ಮುಗೀತಂದ್ರ ಏಳರತನಕ ಕಾಯಬೇಕವ್ವ," ಅಂದಳು ಅತ್ತೆ. "ನಮ್ಮ ಮನಿದೇವ್ರು ಮಾತಂಗೆಮ್ಮ ಸುಮ್ಮನಿರ್ತಾಳೇನು? ಕೂಸಿನ ಉಸುರು ಯಾಕ ಕಟ್ತೈತಿ ಅಂದೀ? ಅವನೂ ಬರ್ತೀನಂತಾನ. ನಿನ್ನ ಕೇಸಿಗೆ ಹೆದರ್ಯಾನ."

"ಡಾಕ್ಟರು ಧೂಳು ಅಂದಾರ, ಮಾತಂಗೆಮ್ಮ ಅಂದಿಲ್ಲ," ಅಂದ ಅಪ್ಪ, ಪೇಪರಿನ ಹಿಂದಿನಿಂದ.

ಅತ್ತೆ ವಿಡಿಯೋ ಕಾಲ್ ಹಚ್ಚಿದಳು. ಕ್ರಾಂತಿ ಜಡೆ ಬಿಚ್ಚಿ ಫೋನಿನ ಮುಂದೆ ಗಿರಗಿರನೆ ತಿರುಗಿದಳು. "ನಿಮ್ಮವ್ವ ಪೊಲೀಸ್ರನ್ನ ಕರಸಂಗಿಲ್ಲಂದ್ರ ಬರ್ತೀನಿ ಕೂಸೇ," ಎಂಬ ಅವನ ದನಿ ಕೇಳಿಸಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಶಿವಲೀಲಾ ಮೇಡಂ ಹೇಳಿದ ಮಾತು ನೆನಪಾಯಿತು. ಈ ನೆಲದ ಮೇಲೆ ಕಾಲಿಟ್ಟ ದಿನ.

"ಕೇಸು ನಿಂತು ಹೋಗೈತಿ ಅತ್ತಿ," ಅಂದೆ. "ವಾರಂಟು ಗೀರಂಟು ಏನಿಲ್ಲ. ಬರಲಿ."

"ಕೂಸಿನ ತಲಿ ಮುಟ್ಟಿ ಆಣಿ ಹಾಕು."

ಮುಟ್ಟಿದೆ. ಹಾಕಿದೆ. ಆಣೆ ಹಾಕಿದ್ದು ಕೂದಲಿನ ಮೇಲೆ, ಕೂದಲು ಹೇಗೂ ಹೋಗುವಂಥದ್ದೇ.

೩೦ ಮಾರ್ಚ್, ಯುಗಾದಿ

ಏಪ್ರಿಲ್ ಹದಿನೈದು, ಮಂಗಳವಾರ. ಜವಳದ ದಿನ ಗೊತ್ತಾಗಿದೆ. ಗುರುಮೂರ್ತಿ ಟಿಕೆಟ್ ತೆಗೆಸಿದ್ದಾನೆ.

ಇವತ್ತು ತಲೆ ತೊಳೆಯಲು ಕ್ರಾಂತಿ ಹಟ ಮಾಡಿದಳು. ಎರಡೇಟು ಹಾಕಿದೆ. ಅವಳ ಅಪ್ಪನ ಮುಂದೆ ಸಿಕ್ಕುಗೂದಲಲ್ಲಿ ನಿಲ್ಲಿಸಿದರೆ ನನ್ನ ಮಾನ ಹೋಗುವುದಿಲ್ಲವೇ? ಬೇವು ಬೆಲ್ಲ ತಿನ್ನಿಸಲು ಹೋದರೆ ಬೆಲ್ಲ ಮಾತ್ರ ಆರಿಸಿ ತಿಂದಳು. ಜಾಣೆ.

೮ ಏಪ್ರಿಲ್, ಮಂಗಳವಾರ

ಡ್ಯೂಟಿ ಮುಗಿಸಿ ಪೊಲೀಸ್ ಠಾಣೆಗೆ ಹೋದೆ. ಅಪ್ಪ ಊರಲ್ಲಿರಲಿಲ್ಲ, ಕ್ರಾಂತಿಯನ್ನೂ ಕರೆದುಕೊಂಡು ಹೋಗಬೇಕಾಯಿತು. ಬೆಂಚಿನ ಮೇಲೆ ಬಿಸ್ಕತ್ತು ತಿನ್ನುತ್ತಾ ಗೂಟಕ್ಕೆ ಹಾಕಿದ್ದ ಟೋಪಿ ನೋಡುತ್ತಾ ಕೂತಿದ್ದಳು.

ಹೆಡ್ ಕಾನ್‌ಸ್ಟೇಬಲ್ ಬೊಮ್ಮಯ್ಯ ಒಳ್ಳೆಯ ಮನುಷ್ಯ. ವಾರಂಟ್ ಎರಡೆರಡು ಸಲ ಓದಿದರು. ಹಡಗಲಿ ಕಡೆಯ ಪೊಲೀಸರೊಬ್ಬರನ್ನು ಜೊತೆಗೆ ಕರೆದುಕೊಂಡು ಸಾದಾ ಬಟ್ಟೆಯಲ್ಲಿ ಬರುತ್ತಾರಂತೆ.

"ಮಂದಿಯೊಳಗ ಗದ್ದಲ ಆಗಬಾರದವ್ವ. ನೀವು ಒಂದು ಸನ್ನಿ ಮಾಡ್ರಿ, ನಾವು ದೂರ ನಿಂತಿರ್ತೀವಿ."

"ಜವಳ ಪೂರಾ ಮುಗೀಲ್ರಿ ಸಾಹೇಬ್ರ. ಮುಗಿದ ಮ್ಯಾಲೆ ನಾನು ಸೆರಗು ತಲಿ ಮ್ಯಾಲೆ ಹೊದ್ಕೊಂತೀನಿ. ಅಲ್ಲಿತಂಕ ಹತ್ರ ಬರಬ್ಯಾಡ್ರಿ. ಕೂಸಿನ ಮನಸು ನೋಯಬಾರದು."

"ಹಂಗ ಆಗ್ಲಿ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎಲ್ಲ ಯೋಚಿಸಿದ್ದೇನೆ. ಬರುವಾಗ ಕ್ರಾಂತಿಗೆ ಕಬ್ಬಿನ ಹಾಲು ಕುಡಿಸಿದೆ. ಅವಳು ಏನೂ ಕೇಳಲಿಲ್ಲ. ಈಚೆಗೆ ಕೇಳುವುದು ಕಡಿಮೆಯಾಗಿದೆ, ದೊಡ್ಡವಳಾಗುತ್ತಿದ್ದಾಳೆ.

೧೪ ಏಪ್ರಿಲ್, ಸೋಮವಾರ

ಬಾಬಾಸಾಹೇಬರ ಜಯಂತಿ. ಅಪ್ಪ ಬಿಳಿ ಅಂಗಿ ತೊಟ್ಟು, ಕ್ರಾಂತಿಗೆ ಬಿಳಿ ಫ್ರಾಕ್ ತೊಡಿಸಿ ಮೆರವಣಿಗೆಗೆ ಕರೆದುಕೊಂಡು ಹೋದ. ಬಂದ ಮೇಲೆ ಕಾಲು ತೊಳೆಯುತ್ತಾ ಕೇಳಿದ:

"ನಾಳಿ ಹೋಗೋದು ಜವಳಕ್ಕೋ, ಬ್ಯಾರೆ ಕೆಲಸಕ್ಕೋ?"

"ಎರಡಕ್ಕೂ."

"ಎರಡು ಕೆಲಸ ಒಂದ ದಿನ ಮಾಡಬಾರದವ್ವ. ಹಿಡಿಸಬೇಕಂದ್ರ ಹಿಡಿಸು, ನಿನ್ನ ಹಕ್ಕೈತಿ. ಆದ್ರ ಕೂಸಿನ ಮುಂದ ಬ್ಯಾಡ. ಮುಂಜಾನೆ ಅವರ ಮನ್ಯಾಗ ಹಿಡಿಸು."

ಮನೆಯಲ್ಲಿ ಹಿಡಿಸಲು ಹೋದರೆ ಹಿತ್ತಲಿನಿಂದ ಓಡುತ್ತಾನೆ. ಮಗು ತೊಡೆಯ ಮೇಲಿದ್ದರೆ ಓಡುವುದಿಲ್ಲ. ಇದನ್ನು ಅಪ್ಪನಿಗೆ ಹೇಳಲಿಲ್ಲ.

೧೫ ಏಪ್ರಿಲ್, ಮಂಗಳವಾರ

ಬರೆಯಬೇಕು. ಬರೆಯದಿದ್ದರೆ ನಾಳೆ ಬೇರೆಯವರು ಹೇಳಿದ್ದೇ ನಿಜವಾಗುತ್ತದೆ.

ನನ್ನ ಅಪ್ಪ ಬರಲಿಲ್ಲ. ನಾವಿಬ್ಬರೇ ಹೋದೆವು. ಗುಡಿ ಅಂದರೆ ಹಿರೇಹಡಗಲಿಯ ಹೊರಗೊಂದು ಬೇವಿನ ಮರ, ಬುಡದಲ್ಲಿ ಮಾತಂಗೆಮ್ಮನ ಕಲ್ಲು, ಸುಣ್ಣ ಬಳಿದ ಮೋಟು ಗೋಡೆ. ಗುರುಮೂರ್ತಿ ಕಟ್ಟೆಯ ಮೇಲೆ ಕೂತಿದ್ದ. ದಪ್ಪಗಾಗಿದ್ದಾನೆ. ಮುಂದಲೆ ಬೋಳಾಗಿದೆ. ಇಷ್ಟು ವರ್ಷ ಮನಸ್ಸಿನಲ್ಲಿ ಬೈದದ್ದು ಬೇರೆ ಯಾರನ್ನೋ ಅನ್ನಿಸಿತು. ಎದ್ದು ನಿಂತು, ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡ.

"ಚಲೋ ಅದಿಯೇನ ಗಂಗಾ?"

"ಅದೀನಿ."

ಕ್ರಾಂತಿ ಮೊದಲು ನನ್ನ ಹಿಂದೆ ಅಡಗಿದಳು. ಅವನು ಖರ್ಜೂರದ ಡಬ್ಬಿ ತೆಗೆದ. ಒಂದು ತಿಂದಳು, ಎರಡು ತಿಂದಳು, ಆಮೇಲೆ ಹುಟ್ಟಿದಾಗಿನಿಂದ ಅಲ್ಲೇ ಕೂತವಳ ಹಾಗೆ ಹೋಗಿ ಅವನ ತೊಡೆಯ ಮೇಲೆ ಕೂತಳು. ಅವನು ಕೂದಲು ಮುಟ್ಟಿದ. "ಇಷ್ಟುದ್ದ ಅದಾವಾ? ಫೋನಿನಾಗ ಇಷ್ಟು ಕಾಣ್ತಿದ್ದಿಲ್ಲ," ಅಂದ. ಕಣ್ಣು ಒದ್ದೆಯಾಗಿದ್ದವು. ಸೀಗೆಕಾಯಿ ಹಚ್ಚಿದವಳು ನಾನು, ಉಬ್ಬಸಕ್ಕೆ ಬೆನ್ನು ಕೊಟ್ಟವಳು ನಾನು. ಒಂದು ಡಬ್ಬಿ ಖರ್ಜೂರಕ್ಕೆ ಎಲ್ಲ ಮರೆತಳಲ್ಲ!

ಮೊದಲ ಎಳೆಯನ್ನು ಅವನೇ ಕತ್ತರಿಸಿದ. ಕೂದಲು ನೆಲಕ್ಕೆ ಬೀಳಬಾರದೆಂದು ಅತ್ತೆ ಎದುರಿಗೆ ಸೆರಗೊಡ್ಡಿ ಕೂತಳು. ಕ್ಷೌರದ ಉಚ್ಚಂಗೆಪ್ಪ ಬಲಗಡೆಯಿಂದ ಕತ್ತಿ ಇಟ್ಟ. ಉದ್ದುದ್ದ ಎಳೆಗಳು ಅತ್ತೆಯ ಸೆರಗಿಗೆ ಬೀಳುತ್ತಿದ್ದವು. ಕ್ರಾಂತಿ ಕಚಗುಳಿಗೆ ನಗುತ್ತಿದ್ದಳು.

"ಅಪ್ಪ, ನೀ ಮತ್ತ ಹೋಗ್ತೀ?"

"ಹೂಂ ಕೂಸೇ, ಬರೋ ವಾರ."

"ನಾನೂ ಬರ್ಲಾ?"

"ಬಾ. ಯಾಕ ಬ್ಯಾಡಂತೀನಿ?"

ಬಾ ಅಂದ. ಅಷ್ಟು ಸಲೀಸಾಗಿ. ಅವಳು ಚಪ್ಪಾಳೆ ತಟ್ಟಿದಳು.

ಬಿಸಿಲು ಜೋರಿತ್ತು. ನಾನು ನಿಂತಲ್ಲಿಗೆ ಬೇವಿನ ನೆರಳು ಬರುತ್ತಿರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡೆ. ಬಿಸಿಲಿಗೆ ಯಾರಾದರೂ ಎಳೆದುಕೊಳ್ಳುತ್ತಾರೆ.

ಬೊಮ್ಮಯ್ಯನವರು ಗೋಡೆಯ ಹಿಂದಿನಿಂದ ಬಂದರು, ಜೊತೆಗೆ ಇನ್ನೊಬ್ಬರು. ಗುರುಮೂರ್ತಿ ಓಡಲಿಲ್ಲ. ಒಂದು ಕೈಯಲ್ಲಿ ಮಗುವನ್ನು ಅವುಚಿಕೊಂಡು, "ಸಾಹೇಬ್ರ, ಬರ್ತೀನಿ, ಎಲ್ಲಿ ಕರದ್ರ ಅಲ್ಲಿ ಬರ್ತೀನಿ. ಇದೊಂದು ಮುಗೀಲಿ, ಕೂಸಿನ ತಲಿ ನೋಡ್ರಿ," ಅಂದ. ಬೊಮ್ಮಯ್ಯನವರು ನನ್ನ ಕಡೆ ನೋಡಿದರು. ನಾನೇಕೆ ಮಾತಾಡಬೇಕು? ವಾರಂಟ್ ಅವರ ಕೈಯಲ್ಲಿತ್ತು.

ಕ್ರಾಂತಿ ಅವನ ಕೊರಳು ಬಿಡಲಿಲ್ಲ. ಬಿಡಿಸಿದರು. ಅತ್ತೆ ಎದ್ದರೆ ಕೂದಲು ಚೆಲ್ಲುತ್ತದೆಂದು ಕೂತಲ್ಲೇ, ಸೆರಗು ಹಿಡಿದುಕೊಂಡೇ ಚೀರಿದಳು. "ಆಣಿ ಹಾಕಿದ್ದೆಲ್ಲೇ! ಇದ ಕೂದಲಾ ಮುಟ್ಟಿ ಆಣಿ ಹಾಕಿದ್ದೆಲ್ಲೇ!"

ಉಳಿದ ಅರ್ಧ ತೆಗೆಯೆಂದು ಉಚ್ಚಂಗೆಪ್ಪನಿಗೆ ಹೇಳಿದೆ. ಅವನು ಕತ್ತಿ ಒರೆಸಿ ಚೀಲಕ್ಕೆ ಹಾಕಿದ. "ತೊಡಿ ಇಲ್ಲದ ನಾ ಮುಟ್ಟಂಗಿಲ್ಲವ್ವ," ಅಂದ.

ಬರುವಾಗ ಬಸ್ಸಿನಲ್ಲಿ ಎಲ್ಲರೂ ನೋಡುತ್ತಿದ್ದರು. ಬಲಕ್ಕೆ ನುಣ್ಣನೆಯ ಬೋಳು, ಎಡಕ್ಕೆ ಸೊಂಟದವರೆಗೆ ಕೂದಲು. ಟವೆಲ್ ಸುತ್ತಿದೆ. ಅವಳು ಅಳಲಿಲ್ಲ. ಖರ್ಜೂರದ ಬೀಜವೊಂದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

ಗೆದ್ದೆ. ಇಷ್ಟು ದಿನಕ್ಕೆ ಗೆದ್ದೆ. ಅದನ್ನೂ ಬರೆಯಬೇಕು.

೧೭ ಏಪ್ರಿಲ್, ಗುರುವಾರ

ಬಾಕಿ ಕಟ್ಟುವವರೆಗೆ ಜೈಲು. ಶಿವಲೀಲಾ ಮೇಡಂ ಫೋನ್ ಮಾಡಿ, "ನೀವು ಗಟ್ಟಿಗಿತ್ತಿ ಬಿಡ್ರಿ," ಅಂದರು.

ಅಪ್ಪ ಒಂದೇ ಕೇಳಿದ: "ಜವಳ ಮುಗಿಯೋದ್ರೊಳಗ ಯಾಕ ಬಂದ್ರು?"

"ಪೊಲೀಸ್ರಿಗೆ ಅವಸರ ಇತ್ತು," ಅಂದೆ.

ಕ್ರಾಂತಿ ಉಣ್ಣೆಯ ಟೋಪಿ ಹಾಕಿಕೊಂಡಿದ್ದಾಳೆ. ಈ ಸೆಕೆಯಲ್ಲಿ. ತೆಗೆಯಲು ಬಿಡುವುದಿಲ್ಲ.

೨೮ ಏಪ್ರಿಲ್, ಸೋಮವಾರ

ಅತ್ತೆ ಬೆಂಡೋಲೆ, ಸರ ಎಲ್ಲ ಮಾರಿದಳಂತೆ. ಬಾಕಿಯಲ್ಲಿ ಅರ್ಧ ಕಟ್ಟಿದರು, ಉಳಿದದ್ದಕ್ಕೆ ಕಂತು. ಅವನನ್ನು ಬಿಟ್ಟರು. ಪಾಸ್‌ಪೋರ್ಟನ್ನು ಕೋರ್ಟಿಗೆ ಒಪ್ಪಿಸಬೇಕೆಂದು ನಮ್ಮ ಮೇಡಂ ವಾದ ಮಾಡಿ ಗೆದ್ದರು.

"ಇನ್ನ ಎಲ್ಲೂ ಓಡಂಗಿಲ್ಲ," ಅಂದರು.

"ಓಡದಿದ್ರ ದುಡಿಯೋದು ಹೆಂಗ್ರಿ ಮೇಡಂ? ಅವನ ಕೆಲಸ ಅಲ್ಲೈತೆಲ್ರಿ."

"ಅದು ಅವನ ಪಾಡು. ನಮ್ಮ ಕೇಸಲ್ಲ."

ಮರುಳಪ್ಪಣ್ಣನ ಸಾಲ ತೀರಿಸಿದೆ. ಹಬೆಯ ಯಂತ್ರ ತಂದೆ. ಶಾಲೆಗೆ ಸೇರಿಸಲು ತೆಗೆದಿಟ್ಟೆ. ಒಳ್ಳೆಯ ದಿನ ಇದು. ಅತ್ತೆಯ ಕಿವಿ ಬರಿದಾಗಿತ್ತು, ಆ ಕಡೆ ನೋಡಲಿಲ್ಲ.

೨೦ ಮೇ, ಮಂಗಳವಾರ

ಹಡಗಲಿಯಲ್ಲಿ ಗುರುಮೂರ್ತಿ ನನ್ನ ಬಸ್ ಹತ್ತಿದ. ಗಡ್ಡ ಬಿಟ್ಟಿದ್ದಾನೆ.

"ಎಲ್ಲಿಗ್ರಿ?" ಅಂದೆ, ಅಭ್ಯಾಸ ಬಲ.

"ಕೂಡ್ಲಿಗಿ." ದುಡ್ಡು ಕೊಟ್ಟ. ಟಿಕೆಟ್ ಕೊಟ್ಟೆ. ಅವನು ಮುಂದೆ ಸರಿಯಲಿಲ್ಲ.

"ಕಂಪನಿಯಾರು ಕ್ರೇನಿಗೆ ಬ್ಯಾರೆಯವನ್ನ ಕೂಡಿಸ್ಯಾರ. ಕಾನಹೊಸಹಳ್ಳಿ ಹತ್ರ ರೋಡಿನ ಕೆಲಸದಾಗ ದಿನಗೂಲಿಗೆ ಕರದಾರ, ಅದೂ ಸಿಕ್ಕಿದ ದಿನ. ಈ ತಿಂಗಳ ಕಂತು ನನ್ನ ಕಡಿಂದ ಆಗಂಗಿಲ್ಲ ಗಂಗಾ. ಮತ್ತ ಹಿಡಿಸ್ತೀ ಅಂದ್ರ ಹಿಡಿಸು."

ನಾನು ಬ್ಯಾಗಿನಲ್ಲಿ ಚಿಲ್ಲರೆ ಎಣಿಸಿದೆ.

"ತಪ್ಪು ನಂದ. ನಿನಗ ಕಳಿಸಿದ್ರ ನಾ ಸೋತಂಗ ಅನಸ್ತಿತ್ತು. ಕೂಸು ಅನ್ನೋದ ಮರತಿದ್ದೆ." ಟಿಕೆಟ್ ಮಡಚುತ್ತಾ ಕೇಳಿದ: "ಐದು ಮುಗಿಯೋದ್ರೊಳಗ ಉಳಿದರ್ಧ ತಗಸೋಣು. ನಿಮ್ಮ ಮನ್ಯಾಗಾದ್ರೂ ಸರಿ. ನಾ ಕುಂದ್ರತೀನಿ."

"ಕೋರ್ಟಿನಾಗ ಕೇಳು," ಅಂದೆ.

ಬಾಯಿಂದ ಹಾಗೇ ಬಂತು. ಅವನು ಹಗರಿಬೊಮ್ಮನಹಳ್ಳಿಯಲ್ಲೇ ಇಳಿದುಬಿಟ್ಟ, ಕೂಡ್ಲಿಗಿಯ ಟಿಕೆಟ್ ಕೈಯಲ್ಲಿಟ್ಟುಕೊಂಡು. ಬಸ್ ನಿಂತೇ ಇತ್ತು.

"ತಂಗಿ, ರೈಟ್ ಹೇಳವ್ವ," ಅಂತ ಮರುಳಪ್ಪಣ್ಣ ಕನ್ನಡಿಯಲ್ಲಿ ನೋಡುತ್ತಾ ಕೂಗಿದರು.

೨೭ ಮೇ, ಮಂಗಳವಾರ

ಕ್ರಾಂತಿಗೆ ಐದು ತುಂಬಿತು. ಪಾಯಸ ಮಾಡಿದೆ. ಟೋಪಿ ಹಾಕಿಕೊಂಡೇ ಉಂಡಳು.

೨ ಜೂನ್, ಸೋಮವಾರ

ಇವತ್ತು ಶಾಲೆಯ ಮೊದಲ ದಿನ. ಅರ್ಧ ರಜೆ ಹಾಕಿದೆ. ಹೊಸ ಯೂನಿಫಾರ್ಮು, ಹೊಸ ಬೂಟು, ಮೇಲೆ ಅದೇ ಉಣ್ಣೆಯ ಟೋಪಿ. ಬಲಗಡೆ ಬೆರಳಗಲ ಬೆಳೆದಿದೆ, ಎಡಗಡೆಯ ಜಡೆಯನ್ನು ಅವಳೇ ಸುತ್ತಿ ಟೋಪಿಯೊಳಗೆ ತುರುಕುತ್ತಾಳೆ. ನನ್ನ ಕೈಗೆ ತಲೆ ಕೊಡುವುದಿಲ್ಲ. ಹಿಡಿದುಕೊಂಡು ಎರಡೂ ಕಡೆ ಸಮ ಮಾಡಿಬಿಡೋಣ ಅಂತ ಕತ್ತರಿ ತೆಗೆದಿದ್ದೆ. ಅಪ್ಪ ಕೈಯಿಂದ ಕಸಿದುಕೊಂಡು ಅಟ್ಟದ ಮೇಲಿಟ್ಟ.

ಮೂವರೂ ಹೊರಟೆವು. ಅವಳು ತಾತನ ಬೆರಳು ಹಿಡಿದಿದ್ದಳು. "ತಾತ, ಶಾಲಿ ಬಿಟ್ಟಾಗ ನೀನ ಬರ್ತೀ ಹೌದಿಲ್ಲೋ?" ಅಂತ ದಾರಿಯುದ್ದಕ್ಕೂ ಕೇಳುತ್ತಿದ್ದಳು. "ಬರ್ತೀನಿ," ಅಂದರೂ ಮತ್ತೆ ಕೇಳುತ್ತಿದ್ದಳು.

ಬಸ್ ನಿಲ್ದಾಣ ದಾಟುವಾಗ ಬಿಸಿಲು ನೆತ್ತಿಗೆ ಹತ್ತಿತು. ಮಳೆ ಬಂದಿಲ್ಲ ಇನ್ನೂ. ಸೆರಗು ತಲೆಗೆ ಎಳೆದುಕೊಂಡೆ.

ಕ್ರಾಂತಿ ತಾತನ ಬೆರಳು ಬಿಟ್ಟು ಓಡಿ ಬಂದಳು. ಎರಡೂ ಕೈಯಿಂದ ನನ್ನ ಸೆರಗು ಹಿಡಿದು ಕೆಳಗೆ ಜಗ್ಗಿದಳು. ಪಿನ್ನು ಕಿತ್ತು ಬಂತು.

"ಹೊದಿಬ್ಯಾಡವ್ವ! ಹೊದಿಬ್ಯಾಡ!"

"ಯಾಕ? ಏನಾತು ನಿನಗ?"

"ತಾತನ್ನೂ ಹಿಡಕೊಂಡು ಹೋಗ್ತಾರ."

ಅಪ್ಪ ಕೇಳಿಸಿಕೊಂಡ. ನನ್ನ ಮುಖ ನೋಡಲಿಲ್ಲ. ಅವಳ ಟೋಪಿ ಸರಿಮಾಡಿದ.

ಶಾಲೆಯವರೆಗೂ ಬರಿದಲೆಯಲ್ಲೇ ನಡೆದೆ. ಗೇಟಿನೊಳಗೆ ಹೋಗುವವರೆಗೂ ಅವಳು ನನ್ನ ಸೆರಗು ಬಿಡಲಿಲ್ಲ.